ಬಸ್ ನಿಲ್ದಾಣದ ಗಾರ್ಡ್‌ಗಳಿಗೆ ಅನುಮಾನದ ನಡವಳಿಕೆ ಗುರುತಿಸೋದು ಹೇಗೆ ಕಲಿಸೋದು?

ಹಾಸನ ಟರ್ಮಿನಲ್:
ಹಾಸನದಲ್ಲಿ ಬಸ್ ಟರ್ಮಿನಲ್ ಕಾವಲಿಗೆ ಬರೋ 14 ಜನ ಗಾರ್ಡ್‌ಗಳಿಗೆ ಎರಡು ದಿನದ ತರಬೇತಿ ತಯಾರು ಮಾಡ್ತಿದ್ದೀನಿ. ಇವರಲ್ಲಿ 4 ಜನ ಹೆಂಗಸರು. ಪಾಠಕ್ಕೆ ಅಂತ ಕೈಗೆ ಬಂದಿರೋ ಪಟ್ಟಿಯಲ್ಲಿ ಹೀಗಿದೆ: ಬೆವರುವುದು, ಕಣ್ಣು ತಪ್ಪಿಸುವುದು, ಹವಾಮಾನಕ್ಕೆ ಹೊಂದದ ದಪ್ಪ ಬಟ್ಟೆ, ಪದೇಪದೇ ಗಡಿಯಾರ ನೋಡುವುದು, ಅತ್ತಿತ್ತ ಅಲೆಯುವುದು. ಬಸ್ ಕಾಯೋ ಪ್ರತಿಯೊಬ್ಬನೂ ಇದನ್ನೇ ಮಾಡ್ತಾನಲ್ಲ! ಈ ಪಟ್ಟಿ ಇಟ್ಟುಕೊಂಡರೆ ಗಾರ್ಡ್‌ಗಳು ಬಡವರನ್ನೂ ಪರಭಾಷೆಯವರನ್ನೂ ಹಿಡಿದು ನಿಲ್ಲಿಸ್ತಾರೆ ಅನ್ನೋ ಭಯ ನನಗೆ. ಪಟ್ಟಿಯ ಬದಲು ಏನು ಕಲಿಸಬೇಕು? ಅನುಮಾನ ಬಂದ ಮೇಲೆ ಗಾರ್ಡ್ ಎಲ್ಲಿಯವರೆಗೆ ಹೋಗಬಹುದು? ಕಲಿತಿದ್ದಾರೋ ಇಲ್ಲವೋ ಅಂತ ನೋಡೋದು ಹೇಗೆ?

ಕಡೂರು ಲೈನ್:
ನಿಮ್ಮ ಭಯ ಸರಿಯಾಗಿದೆ ಸರ್. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಟಿಎಸ್‌ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಇಂಥದ್ದೇ ಲಕ್ಷಣಗಳ ಪಟ್ಟಿ ಹಿಡಿದು 2007ರಿಂದ 'ಸ್ಪಾಟ್' ಕಾರ್ಯಕ್ರಮ ನಡೆಸಿತು. ಸುಮಾರು 90 ಕೋಟಿ ಡಾಲರ್ ಖರ್ಚಾದ ಮೇಲೆ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ 2013ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು: ನಡವಳಿಕೆ ನೋಡಿ ಅಪಾಯ ಗುರುತಿಸಬಹುದು ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ, ಮುಂದಿನ ಹಣ ಮಿತಿಗೊಳಿಸಿ ಅಂತ. ನೋಡಿ ಕೇಳಿ ಸುಳ್ಳು ಹಿಡಿಯೋದರಲ್ಲಿ ಮನುಷ್ಯರ ಸರಾಸರಿ ನಿಖರತೆ ಶೇ. 54ರ ಆಸುಪಾಸು ಅಂತ 2006ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತ್ತು. ನಾಣ್ಯ ಚಿಮ್ಮಿದರೆ ಶೇ. 50.

ತರಗತಿಯಲ್ಲಿ ಕರಿಹಲಗೆ ಮೇಲೆ ಈ ಲೆಕ್ಕ ಮಾಡಿ ತೋರಿಸಿ. ದಿನಕ್ಕೆ 20,000 ಪ್ರಯಾಣಿಕರು ಅಂದುಕೊಳ್ಳಿ, ಅವರಲ್ಲಿ ಕಳ್ಳರು 4. ಪಟ್ಟಿ ಬಹಳ ಚೆನ್ನಾಗಿದೆ, 4ರಲ್ಲಿ 3 ಜನರನ್ನ ಹಿಡಿಯುತ್ತೆ, ನೂರು ಅಮಾಯಕರಲ್ಲಿ 5 ಜನರನ್ನ ಮಾತ್ರ ತಪ್ಪಾಗಿ ತೋರಿಸುತ್ತೆ ಅಂತಿಟ್ಟುಕೊಳ್ಳಿ. ಆದರೂ ಸುಮಾರು 1,000 ಅಮಾಯಕರ ನಡುವೆ 3 ಕಳ್ಳರು! ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಗಾರ್ಡ್‌ನ ಅಹಂಕಾರ ಅಲ್ಲೇ ಇಳಿಯುತ್ತೆ.

ಹಾಗಾದರೆ ಏನು ಕಲಿಸೋದು? ಆ ಜಾಗದ ಮಾಮೂಲು ಚಿತ್ರ. ಆ ಹೊತ್ತಲ್ಲಿ, ಆ ಪ್ಲಾಟ್‌ಫಾರ್ಮ್‌ನಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತೆ ಅನ್ನೋದು ಗೊತ್ತಿದ್ದರೆ ಮಾತ್ರ ಅದಕ್ಕೆ ಹೊಂದದ್ದು ಕಣ್ಣಿಗೆ ಬೀಳುತ್ತೆ. ಪ್ರತಿ ಗಾರ್ಡ್‌ಗೂ ಒಂದು ನೋಟ್‌ಬುಕ್ ಕೊಡಿ. ಬೆಳಿಗ್ಗೆ 6, ಮಧ್ಯಾಹ್ನ 1, ರಾತ್ರಿ 9, ಮೂರು ಹೊತ್ತು ತಲಾ 15 ನಿಮಿಷ ಒಂದೇ ಕಡೆ ನಿಂತು ಬರೀಬೇಕು: ಜನ ಯಾವ ಕಡೆಯಿಂದ ಬರ್ತಾರೆ, ಎಲ್ಲಿ ನಿಲ್ತಾರೆ, ಎಷ್ಟು ಹೊತ್ತು ಕಾಯ್ತಾರೆ, ಲಗೇಜು ಎಲ್ಲಿ ಇಡ್ತಾರೆ, ಯಾರು ಯಾರ ಜೊತೆ ಮಾತಾಡ್ತಾರೆ. ಮೊದಲ ದಿನದ ಅರ್ಧ ಇದಕ್ಕೇ ಹೋಗಲಿ.

ನಮ್ಮ ಕಡೆಯ ಮಾಮೂಲು ಬೇರೆ ಊರಿನ ಪಟ್ಟಿಗೆ ಹೊಂದೋದೇ ಇಲ್ಲ. 'ದಪ್ಪ ಬಟ್ಟೆ' ತಗೊಳ್ಳಿ. ಮುಳ್ಳಯ್ಯನಗಿರಿಯ ಚಳಿಗೆ ಜರ್ಕಿನ್ ಹಾಕಿಕೊಂಡು ಹೋದವರು ಮಧ್ಯಾಹ್ನದ ಬಿಸಿಲಲ್ಲಿ ಚಿಕ್ಕಮಗಳೂರಿನಲ್ಲಿ ಅದರಲ್ಲೇ ಇಳಿದು ಬೆವರ್ತಾರೆ. ನವೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ಕೂಲಿಯವರು ಹತ್ತು ಹದಿನೈದು ಜನ ಗುಂಪಾಗಿ ದೊಡ್ಡ ದೊಡ್ಡ ಗಂಟು ಹೊತ್ತು ಇಳೀತಾರೆ. ಬೋರ್ಡು ಓದಲು ಬಾರದೆ ಬಸ್ಸಿಂದ ಬಸ್ಸಿಗೆ ಅಲೀತಾರೆ, ಖಾಕಿ ಬಟ್ಟೆ ಕಂಡರೆ ಕಣ್ಣು ತಪ್ಪಿಸ್ತಾರೆ. ನಿಮ್ಮ ಪಟ್ಟಿಯ ನಾಲ್ಕು ಲಕ್ಷಣ ಅಲ್ಲೇ ಬಂತು. ಅವರಿಗೆ ಬೇಕಿರೋದು ಮೂಡಿಗೆರೆ ಬಸ್ ಯಾವುದು ಅಂತ ಕೈ ತೋರಿಸೋರು.

ಆಲ್ದೂರು ಕ್ರಾಸ್:
ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಒಂದು ಸೇರಿಸ್ತೀನಿ: ಮಾಮೂಲು ಕಾಲಕ್ಕೆ ತಕ್ಕಂತೆ ಬದಲಾಗುತ್ತೆ. ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ರಾತ್ರಿ ಎರಡಕ್ಕೂ ನಿಲ್ದಾಣದಲ್ಲಿ ಜನ ಮಲಗಿರ್ತಾರೆ. ಬೇರೆ ದಿನ ಅದೇ ಹೊತ್ತಿಗೆ ಇಡೀ ಪ್ಲಾಟ್‌ಫಾರ್ಮ್ ಖಾಲಿ. ನೋಟ್‌ಬುಕ್ಕನ್ನ ವರ್ಷದಲ್ಲಿ ಕನಿಷ್ಠ ಮೂರು ಸಲ ಹೊಸದಾಗಿ ಬರೆಸಿ: ಮಳೆಗಾಲ, ಕೊಯ್ಲು, ಜಾತ್ರೆ-ದಸರಾ ಸಮಯ.

ಇನ್ನು ಬಾಂಬಿನ ಮಾತೇ ಇಡೀ ದಿನ ಆಡಬೇಡಿ. ದಿನವೂ ನಡೆಯೋದು ಬಸ್ ಬಾಗಿಲಲ್ಲಿ ಸರ, ಪರ್ಸು, ಮೊಬೈಲ್ ಹೋಗೋದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಓಡಾಟ ಹೆಚ್ಚಿದೆ, ಬಾಗಿಲಲ್ಲಿ ನೂಕುನುಗ್ಗಲೂ ಹೆಚ್ಚಿದೆ. ಇಲ್ಲಿ ನಡವಳಿಕೆ ನೋಡೋದು ನಿಜಕ್ಕೂ ಕೆಲಸಕ್ಕೆ ಬರುತ್ತೆ, ಯಾಕಂದ್ರೆ ಕಳ್ಳತನಕ್ಕೆ ಒಂದು ಕ್ರಮ ಇದೆ. ಸಾಮಾನ್ಯವಾಗಿ ಮೂರು ನಾಲ್ಕು ಜನ. ಒಬ್ಬರು ಮೆಟ್ಟಿಲ ಮೇಲೆ ಚಿಲ್ಲರೆ ಬೀಳಿಸಿಕೊಂಡೋ ಚಪ್ಪಲಿ ಸರಿ ಮಾಡಿಕೊಂಡೋ ದಾರಿ ಕಟ್ತಾರೆ. ಒಬ್ಬರು ಹಿಂದಿಂದ ಒತ್ತುತ್ತಾರೆ. ಒಬ್ಬರು ಕೈ ಹಾಕ್ತಾರೆ. ಸಿಕ್ಕಿದ್ದನ್ನ ಇಸ್ಕೊಂಡು ಬೇರೆ ಕಡೆ ನಡೆಯೋಕೆ ಇನ್ನೊಬ್ಬರು. ಅದಕ್ಕೇ ಕೈ ಹಾಕಿದವರನ್ನ ಹಿಡಿದರೂ ಮಾಲು ಸಿಗಲ್ಲ.

ಗಾರ್ಡ್ ನೋಡಬೇಕಾದ್ದು ಇದು: ಎಲ್ಲರ ಕಣ್ಣು ಬಸ್ಸಿನ ಬೋರ್ಡ್ ಮೇಲಿದ್ದಾಗ ಯಾರ ಕಣ್ಣು ಬೇರೆಯವರ ಬ್ಯಾಗಿನ ಮೇಲಿದೆ? ಮೂರು ಬಸ್ಸಿನ ನೂಕುನುಗ್ಗಲಿಗೆ ಹೋಗಿ ಒಂದಕ್ಕೂ ಹತ್ತದೆ ವಾಪಸು ಬಂದವರು ಯಾರು? ಮುಂಗೈ ಮೇಲೆ ಶಾಲು, ಪೇಪರ್ರು, ಖಾಲಿ ಚೀಲ ಮುಚ್ಚಿಕೊಂಡು ಆ ಕೈಯನ್ನ ಎದೆಯೆತ್ತರಕ್ಕೆ ಎತ್ತಿದವರು ಯಾರು? ಟೀ ಅಂಗಡಿ ಹತ್ರ ಒಟ್ಟಿಗೆ ಮಾತಾಡ್ತಿದ್ದವರು ಬಾಗಿಲ ಹತ್ರ ಪರಿಚಯವೇ ಇಲ್ಲದವರ ಹಾಗೆ ನಿಂತರಾ? ಇವು ಯಾವುದೂ ಮುಖಭಾವ ಅಲ್ಲ, ಎಲ್ಲವೂ ಕೆಲಸ. ಮನಸ್ಸಿನೊಳಗಿನದ್ದು ಊಹಿಸೋದು ಬೇಡ, ಕೈ ಕಾಲು ಏನು ಮಾಡ್ತಿದೆ ಅಂತ ಹೇಳೋಕೆ ಬಂದರೆ ಸಾಕು.

ನಿಲ್ಲೋ ಜಾಗವೂ ಮುಖ್ಯ. ಬಾಗಿಲಿಗೆ ಎದುರು ನಿಂತರೆ ಬೆನ್ನುಗಳು ಮಾತ್ರ ಕಾಣ್ತವೆ. ಮುಂದಿನ ಚಕ್ರದ ಪಕ್ಕ, ಓರೆಯಾಗಿ ನಿಂತರೆ ಕೈಗಳು ಕಾಣ್ತವೆ. ಬಸ್ ಬಂದ ಮೊದಲ ಒಂದೂವರೆ ಎರಡು ನಿಮಿಷ ಅಲ್ಲೇ ಇರಬೇಕು, ಕಂಟ್ರೋಲರ್ ಹತ್ರ ಹರಟೆ ಆಮೇಲೆ. ಒಬ್ಬ ಗಾರ್ಡ್ ಜೋರಾಗಿ "ಬ್ಯಾಗಿನ ಜಿಪ್ ನೋಡ್ಕೊಳಿ, ಸರ ಸೆರಗಿನೊಳಗೆ ಹಾಕ್ಕೊಳಿ ಅಮ್ಮಾ" ಅಂತ ಕೂಗಿದರೆ ತಂಡ ಅಲ್ಲಿಂದ ಜಾಗ ಖಾಲಿ ಮಾಡೋ ಸಾಧ್ಯತೆ ಹೆಚ್ಚು. ಆದರೆ ಒಂದು ಎಚ್ಚರ: 'ಕಳ್ಳರಿದ್ದಾರೆ ಹುಷಾರ್' ಅಂತ ಕೂಗಿದರೆ ಜನ ಒಡವೆ ಇರೋ ಜಾಗ ಮುಟ್ಟಿ ನೋಡಿಕೊಳ್ತಾರೆ, ಕಳ್ಳನಿಗೆ ಅದೇ ದಾರಿ ತೋರಿಸಿದ ಹಾಗೆ.

ನಿಯಮ ಪುಸ್ತಕ:
ಎರಡನೇ ಪ್ರಶ್ನೆಗೆ. ಖಾಸಗಿ ಏಜೆನ್ಸಿ ಗಾರ್ಡ್ ಪೊಲೀಸ್ ಅಲ್ಲ, ಇದನ್ನ ಮೊದಲ ಗಂಟೆಯಲ್ಲೇ ಹೇಳಿ. ಒಪ್ಪಿಗೆ ಇಲ್ಲದೆ ಬ್ಯಾಗ್ ತೆಗೆಸೋ, ಜೇಬು ತಡಕೋ, ಮೊಬೈಲ್ ನೋಡೋ ಅಧಿಕಾರ ಅವನಿಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (2024ರ ಜುಲೈ 1ರಿಂದ ಜಾರಿ) ಸೆಕ್ಷನ್ 40ರ ಪ್ರಕಾರ ಖಾಸಗಿ ವ್ಯಕ್ತಿ ಹಿಡಿಯಬಹುದಾದದ್ದು ತನ್ನ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ) ಅಪರಾಧ ಮಾಡಿದವರನ್ನು ಅಥವಾ ಕೋರ್ಟ್ ಘೋಷಿಸಿದ ಅಪರಾಧಿಯನ್ನು ಮಾತ್ರ. ಹಿಡಿದ ಮೇಲೆ ಅನಗತ್ಯ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಣ್ಣೆದುರು ಸರ ಕಿತ್ತು ಓಡಿದವನಿಗೆ ಇದು ಅನ್ವಯಿಸುತ್ತೆ. 'ಅನುಮಾನ ಬಂತು' ಅಂತ ರೂಮಿಗೆ ಕರ್ಕೊಂಡು ಹೋಗಿ ಕೂರಿಸಿದರೆ ಅಕ್ರಮ ಬಂಧನದ ಕೇಸು ಗಾರ್ಡ್ ಮೇಲೇ ಬೀಳುತ್ತೆ. ಒಪ್ಪಿಗೆ ಕೊಟ್ಟ ತಪಾಸಣೆಯಲ್ಲೂ ಹೆಂಗಸರ ಹತ್ರ ಹೆಂಗಸರೇ ಹೋಗಬೇಕು. ನಿಮ್ಮ ನಾಲ್ವರನ್ನ ಒಂದೇ ಪಾಳಿಗೆ ಹಾಕಬೇಡಿ.

ಗಾರ್ಡ್ ಕೈಲಿರೋ ದೊಡ್ಡ ಉಪಕರಣ ಮಾತು. ಎರಡು ತೋಳಿನಷ್ಟು ದೂರ, ಸ್ವಲ್ಪ ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಹೋಗೋ ದಾರಿಗೆ ಅಡ್ಡ ನಿಲ್ಲಬಾರದು. "ನಮಸ್ಕಾರ, ಎಲ್ಲಿಗೆ ಹೋಗ್ಬೇಕಿತ್ತು? ಬಸ್ ಗೊತ್ತಾಯ್ತಾ?" ದಾರಿ ತಪ್ಪಿದವರು ಇಷ್ಟಕ್ಕೇ ನಿರಾಳವಾಗಿ ಉತ್ತರ ಕೊಡ್ತಾರೆ. ತಪ್ಪು ಮಾಡೋಕೆ ಬಂದವನಿಗೆ ತನ್ನನ್ನ ಯಾರೋ ನೋಡಿದ್ದಾರೆ ಅನ್ನೋದು ಗೊತ್ತಾಗುತ್ತೆ. ಅನುಮಾನ ಉಳಿದರೆ ಪರೀಕ್ಷಿಸಬಹುದಾದ ಸಣ್ಣ ಪ್ರಶ್ನೆ: "ಬೇಲೂರಿಂದ ಬಂದ್ರಾ? ಯಾವ ಬಸ್ಸಲ್ಲಿ? ಎಷ್ಟೊತ್ತಿಗೆ ಬಿಟ್ಟಿತು?" ಉತ್ತರ ವಾಸ್ತವಕ್ಕೆ ಹೊಂದುತ್ತಾ ಅಂತ ನೋಡಬೇಕು. ತೊದಲಿದರಾ ಅನ್ನೋದು ಲೆಕ್ಕಕ್ಕಿಲ್ಲ. ಸಮವಸ್ತ್ರ ಕಂಡು ತೊದಲೋರು ಬಹಳ ಜನ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಅಂಶ ಇಳಿದಾಗ ಬೆವರು, ತಡವರಿಕೆ ಬರುತ್ತೆ, ಕುಡಿದವರ ಹಾಗೆ ಕಾಣ್ತಾರೆ. ಕಿವಿ ಕೇಳದವರು ಕೂಗಿದರೂ ತಿರುಗಲ್ಲ.

ಹಾಸನ ಟರ್ಮಿನಲ್:
ತುಂಬ ಉಪಕಾರ. ವಾರಸುದಾರರಿಲ್ಲದ ಬ್ಯಾಗು? ದಿನಕ್ಕೆ ಐದಾರು ಸಿಗ್ತವೆ, ಗಾರ್ಡ್‌ಗಳು ಎತ್ತಿ ವಿಚಾರಣಾ ಕೌಂಟರ್‌ನಲ್ಲಿ ಇಡ್ತಾರೆ. ಮಕ್ಕಳ ವಿಷಯವೂ ಹೇಳಿ.

ಆಲ್ದೂರು ಕ್ರಾಸ್:
ಎತ್ತಿ ಇಡೋದನ್ನ ಇವತ್ತೇ ನಿಲ್ಲಿಸಿ! 2024ರ ಮಾರ್ಚ್ 1ರಂದು ಬೆಂಗಳೂರಿನ ಕೆಫೆಯಲ್ಲಿ ಸಿಡಿದದ್ದು ಗ್ರಾಹಕನ ಹಾಗೆ ಬಂದವನು ಬಿಟ್ಟುಹೋದ ಚೀಲ. ಮುಟ್ಟದೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು, ಬ್ರಿಟನ್ ರೈಲ್ವೆಯಲ್ಲಿ ಕಲಿಸೋ ಕ್ರಮ ಇದು. ಬೇಕಂತಲೇ ಬಚ್ಚಿಟ್ಟ ಹಾಗಿದೆಯಾ? ತಂತಿ, ಬ್ಯಾಟರಿ, ದ್ರವ, ವಿಚಿತ್ರ ವಾಸನೆ ಏನಾದರೂ ಎದ್ದು ಕಾಣುತ್ತಾ? ಈ ಜಾಗದಲ್ಲಿ ಸಾಮಾನ್ಯವಾಗಿ ಸಿಗೋ ವಸ್ತುವಾ? ಬೆಂಚಿನ ಪಕ್ಕ ಬಿದ್ದಿರೋ ಊಟದ ಬುತ್ತಿ ಮರೆತದ್ದೇ ಇರಬಹುದು. ಶೌಚಾಲಯದ ಫ್ಲಶ್ ತೊಟ್ಟಿ ಹಿಂದೆ ತುರುಕಿದ ಚೀಲ ಬೇರೆ ಮಾತು. ಸುತ್ತಲಿನವರನ್ನ "ಇದು ಯಾರದ್ದು?" ಅಂತ ಕೇಳಿ, ಮೈಕಲ್ಲಿ ಒಮ್ಮೆ ಕೂಗಿಸಿ, ಕ್ಯಾಮೆರಾದಲ್ಲಿ ಯಾರು ಇಟ್ಟರು ಅಂತ ನೋಡಿಸಿ.

ಅನುಮಾನ ಉಳಿದರೆ ಜನರನ್ನ ದೂರ ಸರಿಸಿ 112ಕ್ಕೆ ಕರೆ. ಕೈಚೀಲದಷ್ಟಕ್ಕೆ ಕನಿಷ್ಠ 100 ಮೀಟರ್, ಸೂಟ್‌ಕೇಸ್ ಅಥವಾ ಕಾರಿಗೆ 200, ಲಾರಿ-ವ್ಯಾನಿಗೆ 400. ವಾಕಿಟಾಕಿ, ಮೊಬೈಲ್ 15 ಮೀಟರ್ ಒಳಗೆ ಬಳಸಬಾರದು. ಗಾಜಿನ ಹತ್ತಿರ ಜನರನ್ನ ನಿಲ್ಲಿಸಬೇಡಿ, ಗಟ್ಟಿ ಗೋಡೆ ಮರೆ ಬೇಕು. ಇಲ್ಲಿ ತಪ್ಪಾಗೋದು ಒಂದೇ ಕಡೆ: ಎಲ್ಲರನ್ನೂ ಮುಖ್ಯ ಗೇಟಿಗೇ ಓಡಿಸ್ತಾರೆ, ಅಲ್ಲಿ ಆಟೋ, ಬಸ್ಸು, ಜನ ಸೇರಿ ಸಿಕ್ಕಿಹಾಕಿಕೊಳ್ತಾರೆ. ಘೋಷಣೆ ಮಾಡೋರಿಗೆ ಎರಡು ಸಾಲು ಮೊದಲೇ ಬರೆದು ಅಂಟಿಸಿಕೊಡಿ, ಯಾವ ಬಾಗಿಲು ಅನ್ನೋದು ಅದರಲ್ಲಿರಲಿ. 2008ರಲ್ಲಿ ಮುಂಬೈನ ಸಿಎಸ್‌ಟಿ ರೈಲು ನಿಲ್ದಾಣದ ಮೇಲಿನ ದಾಳಿಯ ವೇಳೆ ಹಿಂಬದಿ ದಾರಿಯಿಂದ ಹೊರಡಿ ಅಂತ ಘೋಷಕರು ಹೇಳುತ್ತಲೇ ಇದ್ದದ್ದರಿಂದ ಎಷ್ಟೋ ಜೀವ ಉಳೀತು.

ಕಡೂರು ಲೈನ್:
ಮಕ್ಕಳ ವಿಷಯದಲ್ಲಿ ಗಾರ್ಡ್ ತನಿಖೆ ಮಾಡಬಾರದು, ಬಿಟ್ಟುಬಿಡಲೂಬಾರದು. ಜೊತೆಗಿರೋ ದೊಡ್ಡವರಿಗೆ ಮಗುವಿನ ಹೆಸರು, ತರಗತಿ, ಊರು ಹೇಳೋಕೆ ಬರ್ತಿಲ್ಲ, ಪ್ರತಿ ಪ್ರಶ್ನೆಗೂ ಮಗುವಿನ ಬದಲು ಅವರೇ ಉತ್ತರಿಸ್ತಾರೆ, ಮೂರು ನಾಲ್ಕು ಮಕ್ಕಳ ಗುರುತಿನ ಚೀಟಿ ಒಬ್ಬರ ಕೈಲೇ ಇದೆ ಅಂದ್ರೆ ಕಣ್ಣು ತಪ್ಪದ ಹಾಗೆ ನೋಡ್ತಾ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ 112ಕ್ಕೆ ಕರೆ. ಒಂಟಿಯಾಗಿ ಸಿಕ್ಕ ಮಗುವನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತೆ. ಮನೆಯವರಿಗೆ ಫೋನ್ ಮಾಡಿ ಬಸ್ ಹತ್ತಿಸಿ ಕಳಿಸೋದು ಸರಿಯಾದ ಕ್ರಮ ಅಲ್ಲ.

ರೈಲು ನಿಲ್ದಾಣದ ಗಾರ್ಡ್‌ಗಳೂ ಬಂದರೆ ಇದನ್ನೂ ಹೇಳಿ: ಪ್ಲಾಟ್‌ಫಾರ್ಮಿನ ತುದಿಯಲ್ಲಿ ಲಗೇಜಿಲ್ಲದೆ ನಿಂತು ಎರಡು ಮೂರು ರೈಲು ಬಿಟ್ಟವರ ಹತ್ರ ಹೋಗಿ "ಟೀ ಆಯ್ತಾ? ಯಾವ ರೈಲಿಗೆ ಕಾಯ್ತಿದ್ದೀರಾ?" ಅಂತ ಮೆತ್ತಗೆ ಮಾತಾಡಿಸಬೇಕು, ಒಬ್ಬರನ್ನೇ ಬಿಡಬಾರದು, ಜೀವ ಕಳ್ಕೊಳ್ಳೋ ಯೋಚನೆ ಇರಬಹುದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಪ್ರತಿ ಗಾರ್ಡ್ ಜೇಬಿನ ಚೀಟಿಯಲ್ಲಿರಲಿ.

ನಿಯಮ ಪುಸ್ತಕ:
ಪರೀಕ್ಷೆ ಬಗ್ಗೆ. ಎರಡನೇ ದಿನ ಮಧ್ಯಾಹ್ನ, ಗಾರ್ಡ್‌ಗಳಿಗೆ ಮುಖಪರಿಚಯ ಇಲ್ಲದ 6 ಜನರನ್ನ ನಿಲ್ದಾಣಕ್ಕೆ ಬಿಡಿ. ಸ್ಥಳೀಯ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿರಬೇಕು. ಮೂವರು ಕೊಟ್ಟ ಕೆಲಸ ಮಾಡಲಿ: ಮೂರು ಬಸ್ಸಿಗೆ ಹೋಗಿ ಹತ್ತದಿರೋದು, ಕಂಬಗಳ ಹಾಗೂ ಕ್ಯಾಮೆರಾಗಳ ಫೋಟೋ ತೆಗೆಯೋದು, 'ಸಿಬ್ಬಂದಿಗೆ ಮಾತ್ರ' ಬಾಗಿಲು ತಳ್ಳಿ ನೋಡೋದು. ಉಳಿದ ಮೂವರು ಸುಮ್ಮನೆ ಗಾಬರಿಯಾದ ಪ್ರಯಾಣಿಕರು. ಎರಡು ಅಂಕಣ ಹಾಕಿ: ಹಿಡಿದದ್ದು ಎಷ್ಟು, ತಪ್ಪಾಗಿ ನಿಲ್ಲಿಸಿದ್ದು ಎಷ್ಟು. ಮೊದಲನೆಯದಕ್ಕೆ ಮಾತ್ರ ಅಂಕ ಕೊಟ್ಟರೆ ಕಂಡಕಂಡವರನ್ನ ನಿಲ್ಲಿಸೋದು ಕಲೀತಾರೆ. ನಕಲಿ ಬಾಂಬ್ ಬ್ಯಾಗ್ ಮಾತ್ರ ಜನರ ನಡುವೆ ಇಡಬೇಡಿ, ಅದನ್ನ ಖಾಲಿ ಕೊಠಡಿಯಲ್ಲಿ ಮಾಡಿಸಿ.

ವರದಿ ಬರೆಯೋದೂ ಅಭ್ಯಾಸ ಆಗಬೇಕು. 'ಅನುಮಾನಾಸ್ಪದ ವ್ಯಕ್ತಿ ಕಂಡುಬಂದರು' ಅಂತ ಬರೆದರೆ ಹರಿದು ಮತ್ತೆ ಬರೆಸಿ. ಹೀಗಿರಬೇಕು: '9.10ರಿಂದ 9.35. ಪ್ಲಾಟ್‌ಫಾರ್ಮ್ 4. ನೀಲಿ ಶರ್ಟ್, ಸುಮಾರು 30 ವರ್ಷ, ಕೈಲಿ ಖಾಲಿ ಬಟ್ಟೆ ಚೀಲ. ಅರಸೀಕೆರೆ, ಸಕಲೇಶಪುರ, ಬೇಲೂರು ಬಸ್ಸುಗಳ ಬಾಗಿಲಿಗೆ ಹೋಗಿ ಹತ್ತಲಿಲ್ಲ. ಮಾತಾಡಿಸಿದಾಗ ಗೇಟ್ ಕಡೆ ಹೊರಟರು.' ಜಾತಿ, ಧರ್ಮ, ಭಾಷೆ ಇದರಲ್ಲಿ ಕಾರಣವಾಗಿ ಬರಬಾರದು. ಆ ಪದ ತೆಗೆದರೆ ವರದಿಯಲ್ಲಿ ಬೇರೇನೂ ಉಳೀಲಿಲ್ಲ ಅಂದ್ರೆ ಅದು ಅನುಮಾನವೇ ಅಲ್ಲ. ತಿಂಗಳಿಗೊಮ್ಮೆ ರಿಜಿಸ್ಟರ್ ತೆಗೆದು ಯಾರನ್ನ ಹೆಚ್ಚು ನಿಲ್ಲಿಸ್ತಿದ್ದಾರೆ ಅಂತ ನೀವೇ ಕೂತು ಓದಿ.

ಕ್ಯಾಮೆರಾ ಪರದೆ ಮುಂದೆ ಒಬ್ಬರನ್ನೇ ಎಂಟು ಗಂಟೆ ಕೂರಿಸಬೇಡಿ. ಅರ್ಧ ಗಂಟೆಗೇ ಗಮನ ಇಳಿಯುತ್ತೆ ಅಂತ 1940ರ ದಶಕದಲ್ಲೇ ರೇಡಾರ್ ನೋಡೋ ಕೆಲಸವನ್ನ ಹೋಲುವ ಪ್ರಯೋಗದಲ್ಲಿ ಕಂಡಿತ್ತು. 30 ನಿಮಿಷಕ್ಕೊಮ್ಮೆ ಪ್ಲಾಟ್‌ಫಾರ್ಮಿನವರ ಜೊತೆ ಬದಲಿ ಮಾಡಿಸಿ.

ಹಾಸನ ಟರ್ಮಿನಲ್:
ಪಟ್ಟಿ ತೆಗೆದುಹಾಕಿದೆ. ಮೊದಲ ದಿನ ಬೆಳಿಗ್ಗೆ 6ಕ್ಕೇ ನೋಟ್‌ಬುಕ್ ಕೊಟ್ಟು ನಿಲ್ಲಿಸ್ತೀನಿ. ಹೆಂಗಸರು ನಾಲ್ವರನ್ನ ಎರಡು ಪಾಳಿಗೆ ಹಂಚಿ ಆಯ್ತು, ರಾತ್ರಿ ಪಾಳಿಗೆ ಇನ್ನಿಬ್ಬರು ಬೇಕು ಅಂತ ಏಜೆನ್ಸಿಗೆ ಬರೀತಿದ್ದೀನಿ.