ಮೂರನೇ ಸಿಲಿಂಡರ್ ಮಿಸ್ಸಿಂಗ್: ಇಂಜೆಕ್ಟರ್ ಹಾಕಿಸ್ಲಾ, ಹೆಡ್ ಇಳಿಸ್ಲಾ?

ಚಿಂತಾಮಣಿ ಟೊಮೇಟೊ ಲೋಡ್: ಅಣ್ಣಂದಿರೇ, ನನ್ದು ಡೀಸೆಲ್ ಕಾಮನ್ ರೈಲ್ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಪೈಪಿಂದ ಭಾರೀ ಪ್ರೆಷರಲ್ಲಿ ಡೀಸೆಲ್ ಹೋಗೋದು) ಪಿಕಪ್, 1,62,000 ಕಿ.ಮೀ. ಓಡಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಕ್ಯಾಬಿನ್ ಎಲ್ಲಾ ಅದುರತ್ತೆ, ಬಿಳಿ ಹೊಗೆ. ಬಿಸಿಯಾದ್ಮೇಲೆ ಸ್ವಲ್ಪ ವಾಸಿ. ಲೋಡ್ ಹಾಕಿದ್ರೆ ಏರು ಹತ್ತಲ್ಲ. ಸ್ಕ್ಯಾನರ್‌ನಲ್ಲಿ ಪಿ 0303 ಕೋಡ್ ಬಂತು, ಅಂದ್ರೆ ಮೂರನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತ. ಒಬ್ರು ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಹೋಗಿದೆ ಅಂತಾರೆ, ಇನ್ನೊಬ್ರು ಇಂಜಿನ್ ಮೇಲಿನ ಹೆಡ್ ಇಳಿಸಿ ವಾಲ್ವ್ ನೋಡ್ಸು ಅಂತಾರೆ. ಅನುಭವ ಇರೋರು ಹೇಳಿ.

ಶಿರಸಿ ಅಡಿಕೆ ಗಾಡಿ: ನಂಗೂ ಇದೇ ಕೋಡ್ ಬಂದಿತ್ತು. ಕೋಡ್ ನೋಡ್ತಿದ್ದ ಹಾಗೆ ಹೊಸ ಇಂಜೆಕ್ಟರ್ ಹಾಕಿಸಿದೆ, 16,500. ಆದ್ರೂ ಮಿಸ್ಸಿಂಗ್ ಇತ್ತು. ಇಂಜೆಕ್ಟರ್ ತಲೆ ಮೇಲಿನ ನಂಬರನ್ನ ಇಸಿಯುಗೆ (ಇಂಜಿನ್ ಕಂಪ್ಯೂಟರ್‌ಗೆ) ಹಾಕಿರಲಿಲ್ಲ, ಅದಕ್ಕೆ ಹೀಗೆ ಅಂದ್ರು. ಮತ್ತೆ 800 ಕೊಟ್ಟೆ. ಮಿಸ್ಸಿಂಗ್ ಹೋಗ್ಲಿಲ್ಲ. ಆಮೇಲೆ ಬೇರೆ ಮೇಸ್ತ್ರಿ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತೋ ಪ್ರೆಷರ್) ನೋಡಿದ್ರು: ಉಳಿದ ಮೂರು ಸಿಲಿಂಡರ್ 400 ಪಿಎಸ್ಐ ಆಸುಪಾಸು, ಮೂರನೇದು 230. ಹೆಡ್ ಇಳಿಸಿ ನೋಡಿದ್ರೆ ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟು, ಇಲಿ ಕಚ್ಚಿದ ಹಪ್ಪಳದ ಹಾಗೆ ಆಗಿತ್ತು. ಲೇತ್ ಕೆಲಸ 4,200, ಗ್ಯಾಸ್ಕೆಟ್ ಸೆಟ್ 3,800, ಕೂಲಿ 6,000. ಗಾಡಿ ಹನ್ನೊಂದು ದಿನ ನಿಂತಿತ್ತು, ಆ ತಿಂಗಳ ಕಂತು ತಪ್ಪಿತು. ಕಂಪ್ರೆಷನ್ ನೋಡೋಕೆ ತಗೊಂಡಿದ್ದು ಬರೀ 600. ಆ ದುಡ್ಡು ಮೊದಲೇ ಕೊಡದೇ ಇದ್ದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹುಬ್ಬಳ್ಳಿ ಬಾಡಿಗಿ: ಹೊಸಾದು ಯಾಕ ಬೇಕಿತ್ರಿ? ನಾ ಮಿಕ್ಕಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಪೈಪ್ ಬಿಚ್ಚಿ ನಾಕೂ ಇಂಜೆಕ್ಟರಿಗೆ ಒಂದೊಂದು ಬಾಟ್ಲಿ ಕಟ್ಟಿದೆ. ಮೂರು ಬಾಟ್ಲಿಯೊಳಗ ಒಂದ ಸಮ ಸ್ವಲ್ಪ ಇತ್ತು, ನಾಕನೇದು ಮಾತ್ರ ಅರ್ಧ ತುಂಬಿತ್ತು, ಅಂದ್ರ ಆ ಇಂಜೆಕ್ಟರ್ ಜಾಸ್ತಿ ಸೋರತಿತ್ತು. ಅದೊಂದ ಟೆಸ್ಟ್ ಬೆಂಚಿಗೆ ಕೊಟ್ಟು ನಾಝಲ್, ವಾಲ್ವ್ ಹಾಕಿಸಿದೆ, 5,800. ತಾಮ್ರದ ವಾಷರ್ ಮಾತ್ರ ಹೊಸಾವ ಹಾಕ್ಸೇನಿ. 70 ಸಾವಿರ ಕಿಲೋಮೀಟರ್ ಓಡೇತಿ, ಒಂದ ಮಾತು ತಂದಿಲ್ಲ. ಯಾವ ಸಿಲಿಂಡರ್ ಸತ್ತೇತಿ ಅಂತ ಗೊತ್ತಾಗಬೇಕಂದ್ರ ಚಾಲೂ ಇದ್ದಾಗ ಇಂಜೆಕ್ಟರಿಗೆ ಡೀಸೆಲ್ ಬರೋ ಪೈಪಿನ ನಟ್ ಸಡಿಲ ಮಾಡಿ ನೋಡ್ರಿ.

ಪುತ್ತೂರು ಗ್ಯಾರೇಜು: ಎಂತ ಹೇಳ್ತಾ ಇದ್ದೀರಿ ಮಾರಾಯ್ರೇ! ಕಾಮನ್ ರೈಲಿನಲ್ಲಿ ಐಡಲಿಂಗಲ್ಲೇ ಡೀಸೆಲ್ ಪ್ರೆಷರ್ 250 ಬಾರ್ ಮೇಲೆ ಇರ್ತದೆ, ಲೋಡಿನಲ್ಲಿ ಸಾವಿರ ದಾಟ್ತದೆ. ನಮ್ಮಲ್ಲಿ ಒಬ್ಬ ಹುಡುಗ ಹಾಗೇ ನಟ್ ಸಡಿಲಿಸಿದ. ತೋರುಬೆರಳಲ್ಲಿ ಸೂಜಿ ಚುಚ್ಚಿದಷ್ಟೇ ಗಾಯ, ರಕ್ತವೂ ಬರಲಿಲ್ಲ. ಸಂಜೆಗೆ ಬೆರಳು ಬದನೆಕಾಯಿ ಹಾಗೆ ನೀಲಿಯಾಗಿ ಊದಿತು. ಒಳಗೆಲ್ಲ ಡೀಸೆಲ್. ಸೀಳಿ ತೊಳೆದ್ರು, ಈಗಲೂ ಆ ಬೆರಳು ಮಡಚುವುದಿಲ್ಲ. ಆಸ್ಪತ್ರೆಗೆ 85,000 ನಾನೇ ಕಟ್ಟಿದ್ದು. ಸ್ಕ್ಯಾನರಿನಲ್ಲೇ ಒಂದೊಂದು ಸಿಲಿಂಡರ್ ಕಟ್ ಮಾಡಿ ನೋಡ್ಲಿಕ್ಕೆ ಆಗ್ತದೆ. ಯಾವುದನ್ನು ಕಟ್ ಮಾಡಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತದ್ದು.

ಹುಬ್ಬಳ್ಳಿ ಬಾಡಿಗಿ: ನಾ ಇಪ್ಪತ್ತು ವರ್ಷದಿಂದ ಹಂಗ ನೋಡಾಕತ್ತೇನಿ. ನನ್ನ ಬೆರಳು ಹತ್ತೂ ಅದಾವ.

ಪುತ್ತೂರು ಗ್ಯಾರೇಜು: ಹಳೆ ಪಂಪಿನ ಗಾಡಿಯಲ್ಲಿ ನೋಡಿದ್ದನ್ನು ಇಲ್ಲಿ ಹೇಳ್ಬೇಡಿ. ಕಾಮನ್ ರೈಲ್ ಅಂತ ಅವರು ಮೊದಲೇ ಬರೆದಿದ್ದಾರೆ. ಯಾರಾದರೂ ಓದಿ ಕೈ ಹಾಕಿದ್ರೆ ನೀವು ಜವಾಬ್ದಾರಿಯಾ?

ಮಂಡ್ಯ ಬೆಲ್ಲ: ನಂದ್ರಲ್ಲಿ ಇಂಜೆಕ್ಟರೂ ಅಲ್ಲ, ಹೆಡ್ಡೂ ಅಲ್ಲ ಕಣಣ್ಣ. ಆಲೆಮನೆ ಹತ್ರ ರಾತ್ರಿ ನಿಲ್ಲಿಸ್ತಿದ್ದೆ, ಮೂರನೇ ಇಂಜೆಕ್ಟರ್ ವೈರನ್ನ ಇಲಿ ಕಡಿದಿತ್ತು. ಅರ್ಧ ಕಡ್ದಿದ್ರಿಂದ ಅದುರಿದಾಗ ಮಾತ್ರ ಕನೆಕ್ಷನ್ ಬಿಡ್ತಿತ್ತು. ಕಂಡುಹಿಡಿಯೋಕೇ ಆರು ದಿನ ಆಯ್ತು, ಸರಿ ಮಾಡೋಕೆ 1,200. ಈಗ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದೀನಿ, ಇಲಿ ಹತ್ರ ಸುಳಿಯಲ್ಲ.

ಶಿರಸಿ ಅಡಿಕೆ ಗಾಡಿ: ಹೊಗೆಸೊಪ್ಪಿಗೆಲ್ಲ ಇಲಿ ಹೆದರಲ್ಲ, ನಾನೂ ಕಟ್ಟಿದ್ದೆ. ಅದಿರ್ಲಿ, ಹುಬ್ಬಳ್ಳಿಯವರೇ, ನನ್ನ ಭಾವ ಹಾಕಿಸಿದ ರಿಪೇರಿ ಇಂಜೆಕ್ಟರ್ ನಾಲ್ಕೇ ತಿಂಗಳಿಗೆ ಹೋಯ್ತು. 5,800ಕ್ಕೆ ಎಲ್ಲಾ ಸರಿ ಹೋಗುತ್ತೆ ಅಂತ ಜನರಿಗೆ ಆಸೆ ಹುಟ್ಟಿಸ್ಬೇಡಿ.

ಹುಬ್ಬಳ್ಳಿ ಬಾಡಿಗಿ: ನಿಮ್ಮ ಭಾವ ಡೀಸೆಲ್ ಫಿಲ್ಟರ್‌ನಾಗಿನ ನೀರು ಯಾವಾಗ ಹೊರಗ ಬಿಟ್ಟಿದ್ರು ಕೇಳ್ರಿ ಮೊದಲ, ನೀರು ಹೋದ್ರ ಇಂಜೆಕ್ಟರ್ ಕೆಡತೇತಿ.

ಚಿಂತಾಮಣಿ ಟೊಮೇಟೊ ಲೋಡ್: ಅಣ್ಣ, ಕಂಪ್ರೆಷನ್ ನೋಡೋ ಗೇಜ್ ಕೋಲಾರದ ಕಡೆ ಯಾರ ಹತ್ರ ಇದೆ? ನಾಳೆ ಮಾರ್ಕೆಟ್‌ಗೆ ಲೋಡ್ ಇದೆ.

ಶಿರಸಿ ಅಡಿಕೆ ಗಾಡಿ: ನೀರು ವಾರಕ್ಕೊಮ್ಮೆ ಬಿಡ್ತಿದ್ರು, ನಾನೇ ಕಣ್ಣಾರೆ ನೋಡಿದೀನಿ. ನಿಮ್ಮ ಆ 5,800ರ ಬಿಲ್ ಇದ್ರೆ ಇಲ್ಲಿ ಹಾಕಿ.