ಪುಪ್ಪುಸ ಅಪಧಮನಿಯೊಳಗ ಆಕ್ಸಿಜನ್ ಕಡಿಮಿ ಇದ್ದ ರಕ್ತ ಯಾಕ್ರಿ?

ಗೋಕಾಕ ಕರದಂಟು:
ನಮಸ್ಕಾರ್ರಿ ಎಲ್ಲಾರಿಗೂ. ಮಗಳು ಹತ್ತನೇ ಕ್ಲಾಸು, ಜೀವಕ್ರಿಯೆಗಳು ಪಾಠ ನಡದೈತಿ. ಅಪಧಮನಿ ಅಂದ್ರ ಶುದ್ಧ ರಕ್ತ, ಅಭಿಧಮನಿ ಅಂದ್ರ ಅಶುದ್ಧ ರಕ್ತ ಅಂತ ನಮ್ಮ ಕಾಲಕ್ಕ ಬಾಯಿಪಾಠ ಮಾಡಸ್ತಿದ್ರು, ಈಗ ನೋಡಿದ್ರ ಪುಪ್ಪುಸ (ಅಂದ್ರ ಶ್ವಾಸಕೋಶದ) ಅಪಧಮನಿಯೊಳಗ ಆಕ್ಸಿಜನ್ ಕಡಿಮಿ ಇದ್ದ ರಕ್ತ ಹೋಗ್ತೈತಿ ಅಂತ ಐತಿ, ಅಕಿ ಯಾಕಪ್ಪಾ ಅಂತ ಕೇಳಾಕತ್ತಾಳ. ಮತ್ತ ಹೃದಯದ ಚಿತ್ರದಾಗ ಎಡಗಡೆ 'ಬಲ ಹೃತ್ಕರ್ಣ' (ಬಲಗಡೆ ಮ್ಯಾಲಿನ ಕೋಣಿ) ಅಂತ ಬರದಾರ, ಪ್ರಿಂಟ್ ತಪ್ಪೈತೇನು? ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

ಮುಧೋಳ ಮಾಸ್ತರ:
ಪ್ರಿಂಟ್ ಸರಿ ಐತ್ರಿ. ಎದುರಿಗೆ ನಿಂತ ಮನಷ್ಯಾನ ಹೃದಯ ಅದು, ಅವನ ಬಲಗಡೆ ನಿಮ್ಮ ಎಡಕ್ಕ ಬರ್ತೈತಿ. ಇನ್ನ ಶುದ್ಧ ಅಶುದ್ಧ ಅನ್ನೂದನ್ನ ಮೊದಲು ತಲಿಯಿಂದ ತಗೀರಿ. ಹೃದಯದಿಂದ ಹೊರಗ ಒಯ್ಯೂದು ಅಪಧಮನಿ, ವಾಪಸ್ ತರೂದು ಅಭಿಧಮನಿ, ಇಷ್ಟ. ಮೈಯೆಲ್ಲಾ ತಿರಗಿದ ರಕ್ತ ಬಲ ಹೃತ್ಕರ್ಣಕ್ಕ ಬಂದು ತ್ರಿದಳ ಕವಾಟ (ಒಂದ ಕಡೆ ತೆರಿಯೂ ಬಾಗಲಾ) ದಾಟಿ ಬಲ ಹೃತ್ಕುಕ್ಷಿಗೆ, ಅಂದ್ರ ಕೆಳಗಿನ ಕೋಣಿಗೆ, ಇಳೀತೈತಿ, ಅಲ್ಲಿಂದ ಪುಪ್ಪುಸ ಅಪಧಮನಿ ಹಿಡದು ಶ್ವಾಸಕೋಶಕ್ಕ ಹೋಗಿ, ಕಾರ್ಬನ್ ಡೈಆಕ್ಸೈಡ್ ಬಿಟ್ಟು ಆಕ್ಸಿಜನ್ ತುಂಬ್ಕೊಂಡು, ಪುಪ್ಪುಸ ಅಭಿಧಮನಿಯಿಂದ ಎಡ ಹೃತ್ಕರ್ಣಕ್ಕ ಬರ್ತೈತಿ, ಆಮ್ಯಾಲ ದ್ವಿದಳ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತ ಇಡೀ ಮೈ. ಒಂದು ಸುತ್ತಿಗೆ ಎರಡು ಸಲ ಹೃದಯ ದಾಟತೈತಿ. ಒಂದು ಬಡಿತಕ್ಕ ಸುಮಾರು 70 ಮಿ.ಲೀ., ನಿಮಿಷಕ್ಕ 72 ಬಡಿತ ಹಿಡದ್ರ 5 ಲೀಟರ್, ಅಂದ್ರ ಮೈಯಾಗಿನ ರಕ್ತ ಎಲ್ಲಾ ಹೆಚ್ಚುಕಡಿಮಿ ನಿಮಿಷದಾಗ ಒಂದು ಸುತ್ತು. 1628ರಾಗ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇಂಥಾ ಲೆಕ್ಕಾನೂ ಹಾಕಿನ ರಕ್ತ ತಿರಗಿ ತಿರಗಿ ಬರ್ತೈತಿ ಅಂತ ತೋರಿಸಿದ್ರು. ಮಗಳಿಗೆ ಆ ಲೆಕ್ಕ ತಾನ ಮಾಡಾಕ ಹಚ್ಚರಿ.

ಇಂಡಿ ಲಿಂಬಿ:
ಮನ್ಯಾಗ ಮಟನ್ ನಡೀತದ ಅಂದ್ರ ಕುರಿ ಗುಂಡಗಿ ಕೊಯ್ಯದ ಇಡೀದ ಕೊಡ ಅಂತ ಹೇಳಿ ತರ್ರಿ, ಅದಕ್ಕೂ ನಾಕ ಕೋಣಿ ಅವ. ನಡುವ ಕೊಯ್ದು ನೋಡ್ರಿ, ಬಲ ಹೃತ್ಕುಕ್ಷಿ ಗ್ವಾಡಿ ತೆಳ್ಳಗ, ಬೆರಳಿಲೆ ಒತ್ತಿದ್ರ ಒಳಗ ಹೋಗ್ತದ, ಎಡದ್ದು ದಪ್ಪ, ಬಿರುಸು. ಬಲದ್ದು ಬಾಜೂಕಿದ್ದ ಶ್ವಾಸಕೋಶಕ್ಕ ನೂಕಿದ್ರ ಸಾಕು, ಎಡದ್ದು ತಲಿಯಿಂದ ಅಂಗಾಲತನಾ ನೂಕಬೇಕು. ಕವಾಟದ ಅಂಚಿಗೆ ಬಿಳಿ ಹುರಿ ಕಟ್ಟಿರ್ತಾವ, ಅವು ಇಲ್ಲಂದ್ರ ಹೃತ್ಕುಕ್ಷಿ ಹಿಂಡಿದಾಗ ಕವಾಟ ಮ್ಯಾಲಕ್ಕ ಮಗಚಿ ರಕ್ತ ಹಿಂದಕ್ಕ ಹೋಗ್ತದ. ನನಗ ಇಡೀ ಹೃದಯದಾಗ ಭಾಳ ಸೇರೂದು ಆ ಹುರಿನ ನೋಡ್ರಿ.

ಗೋಕಾಕ ಕರದಂಟು:
ಛಲೋ ತಿಳೀತ್ರಿ ಸರ, ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು, ಹೃದಯದ ತುಂಬ ರಕ್ತನ ಇರ್ತೈತಲ್ಲ, ಮತ್ತ ಬ್ಲಾಕ್ ಆಗಿ ಹೃದಯಕ್ಕ ರಕ್ತ ಸಿಗಲಿಲ್ಲ ಅಂತಾರಲ್ಲ ಅದ್ಹೆಂಗ?

ಮುಧೋಳ ಮಾಸ್ತರ:
ಆಲಮಟ್ಟಿ ಹಿನ್ನೀರಿನ ದಂಡಿಗಿದ್ದ ಊರಿಗೂ ನಳದ ಪೈಪ್ ಬೇಕಲ್ರಿ, ಹಂಗ. ಎಡ ಹೃತ್ಕುಕ್ಷಿ ಗ್ವಾಡಿ ಸುಮಾರು 1 ಸೆಂ.ಮೀ. ದಪ್ಪ, ಒಳಗಿನ ರಕ್ತದ ಆಕ್ಸಿಜನ್ ಅಷ್ಟು ಆಳಕ್ಕ ಇಳಿಯಾಂಗಿಲ್ಲ. ಅದಕ್ಕ ಮಹಾಪಧಮನಿ ಬುಡದಾಗ, ಕವಾಟ ದಾಟಿದ ಕೂಡಲೇ, ಎರಡು ಕರೊನರಿ ಅಪಧಮನಿ ಕವಲೊಡದು ಹೃದಯದ ಹೊರಮೈ ಮ್ಯಾಲ ಹಬ್ಬತಾವ. ಎಡ ಹೃತ್ಕುಕ್ಷಿ ಸ್ನಾಯುವಿಗೆ ಹೆಚ್ಚಿನ ರಕ್ತ ಸಿಗೂದು ಹೃದಯ ಸಡಿಲಾದಾಗ, ಹಿಂಡುವಾಗ ಸ್ನಾಯುವಿನೊಳಗಿನ ನಾಳ ಒತ್ತಿ ಹೋಗಿರ್ತಾವ. ಆಂಜಿಯೋಗ್ರಾಂ ಮಾಡಿ ನೋಡೂದು ಈ ಕರೊನರಿನ. ಇವುದ್ರಾಗ ಒಂದು ಮುಚ್ಚಿತಂದ್ರ ಅದರ ಪಾಲಿನ ಸ್ನಾಯು ಸಾಯಾಕ ಹತ್ತತೈತಿ, ಅದ ಹಾರ್ಟ್ ಅಟ್ಯಾಕ್.