ಅಧಿಕೃತ ಸೈಟ್ ಮುಚ್ಚಿದೆ, ಬೇರೆಡೆ ಸಿಕ್ಕ ಇನ್‌ಸ್ಟಾಲರ್ ನಂಬಬಹುದೇ?

ಪ್ರಶ್ನೆ | ಧ್ವನಿತರಂಗ
2014ರ ಆಡಿಯೋ ಕನ್ವರ್ಟರ್ ಒಂದು ಬೇಕು. ತಯಾರಕರ ಸೈಟೇ ಈಗಿಲ್ಲ. ಒಂದು ಡೌನ್‌ಲೋಡ್ ತಾಣದಲ್ಲಿ ಜಿಪ್ ಸಿಕ್ಕಿದೆ. ಅದನ್ನು ಬಿಚ್ಚುವ ಪಾಸ್‌ವರ್ಡ್, ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಎರಡೂ ಅದೇ ಪುಟದಲ್ಲಿವೆ. ಹ್ಯಾಶ್ ತಾಳೆಯಾಯಿತು, ಜಿಪ್ಪನ್ನು ವೈರಸ್‌ಟೋಟಲ್‌ಗೆ (ಹಲವು ಆಂಟಿವೈರಸ್‌ಗಳಿಂದ ಫೈಲ್ ಪರೀಕ್ಷಿಸುವ ತಾಣ) ಹಾಕಿದರೆ ಎಲ್ಲ ಹಸಿರು. ರನ್ ಮಾಡಬಹುದೇ? ವಿಂಡೋಸ್ 11 ಹೋಮ್.

ಉತ್ತರ | ಹೆಕ್ಸ್‌ನೋಟ
ಈಗಲೇ ಬೇಡ. ಆ ಹಸಿರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಸ್ಕ್ಯಾನರ್‌ಗಳು ಇಣುಕಲಾರವು. ಇಂಥ ಕಡೆ ಪಾಸ್‌ವರ್ಡ್ ಹಾಕುವುದೇ ಹೆಚ್ಚಾಗಿ ಅದಕ್ಕೆ. ಹ್ಯಾಶ್ ಕಥೆಯೂ ಅಷ್ಟೇ: ಫೈಲ್ ಬದಲಿಸಿದವನಿಗೆ ಪಕ್ಕದ ಹ್ಯಾಶ್ ಬದಲಿಸುವುದೇನು ಕಷ್ಟ?

ಜಿಪ್ ಬಿಚ್ಚಿ, ಆದರೆ ಒಳಗಿನದನ್ನು ಕ್ಲಿಕ್ ಮಾಡಬೇಡಿ. ಪವರ್‌ಶೆಲ್‌ನಲ್ಲಿ (ವಿಂಡೋಸ್‌ನ ಕಮಾಂಡ್ ಕಿಟಕಿ) ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಕೊಟ್ಟು ಇನ್‌ಸ್ಟಾಲರ್‌ನ ಹ್ಯಾಶ್ ತೆಗೆದು, ಅದನ್ನು ವೈರಸ್‌ಟೋಟಲ್‌ನಲ್ಲಿ ಹುಡುಕಿ. ಡೀಟೇಲ್ಸ್ ಟ್ಯಾಬ್‌ನಲ್ಲಿ 'ಫಸ್ಟ್ ಸಬ್ಮಿಷನ್' ದಿನಾಂಕ ನೋಡಿ. ಹತ್ತು ವರ್ಷ ಹಳೆಯ, ಬಹಳ ಜನ ಬಳಸಿದ ಫೈಲ್ ಹೋದ ವಾರವಷ್ಟೇ ಮೊದಲು ಕಂಡಿದ್ದರೆ ಅನುಮಾನಪಡಲೇಬೇಕು. ಕಂಪೈಲ್ ಆದ (ಪ್ರೋಗ್ರಾಂ ತಯಾರಾದ) ದಿನಾಂಕ ನಂಬಬೇಡಿ, ಅದನ್ನು ತಿದ್ದುವುದು ಸುಲಭ. ಸಣ್ಣ ಜಿಪ್ ಬಿಚ್ಚಿದಾಗ 700 ಎಂಬಿ ಫೈಲ್ ಬಂದರೆ ಅಳಿಸಿಬಿಡಿ. ವೈರಸ್‌ಟೋಟಲ್ ಮಿತಿ 650 ಎಂಬಿ. ಅದನ್ನು ದಾಟಿಸಲೆಂದೇ ಸೊನ್ನೆ ತುಂಬಿ ಉಬ್ಬಿಸಿರುತ್ತಾರೆ.

ಉತ್ತರ | ಮೂಲಪ್ರತಿ
ವೇಬ್ಯಾಕ್ ಮಷಿನ್‌ನಲ್ಲಿ (ಹಳೆಯ ವೆಬ್ ಪುಟಗಳ ಸಂಗ್ರಹ) ತಯಾರಕರ ಹಳೆಯ ವಿಳಾಸ ಹಾಕಿ ನೋಡಿ. ಹ್ಯಾಶ್ ಸಿಗಬಹುದು, ಕೆಲವೊಮ್ಮೆ ಇನ್‌ಸ್ಟಾಲರೇ ಸಿಗುತ್ತದೆ.

ಇನ್ನೊಂದು, ಫೈಲಿನ ಪ್ರಾಪರ್ಟೀಸ್‌ನಲ್ಲಿ ತಯಾರಕರ ಸಹಿ ತೋರಿಸುವ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ಇದ್ದ ಮಾತ್ರಕ್ಕೆ ಸಮಾಧಾನಪಡಬೇಡಿ. ತಿದ್ದಿದ ಫೈಲಿನಲ್ಲೂ ಆ ಟ್ಯಾಬ್ ಉಳಿದಿರುತ್ತದೆ. ಹೆಸರು ಆಯ್ದು ಡೀಟೇಲ್ಸ್ ಒತ್ತಿದಾಗಲೇ ಸಹಿ ಊರ್ಜಿತವೋ ಅಲ್ಲವೋ ತಿಳಿಯುವುದು. ಸರ್ಟಿಫಿಕೇಟ್ ಅವಧಿ ಮುಗಿದಿದ್ದರೂ ಟೈಮ್‌ಸ್ಟ್ಯಾಂಪ್ (ಸಹಿ ಹಾಕಿದ ಸಮಯದ ಮುದ್ರೆ) ಇದ್ದರೆ ತೊಂದರೆಯಿಲ್ಲ. ಆದರೆ ಸಹಿಯೂ ಕೊನೆಯ ಮಾತಲ್ಲ: 2017ರಲ್ಲಿ ಕಂಪ್ಯೂಟರ್ ಶುಚಿಗೊಳಿಸುವ ಸಿಕ್ಲೀನರ್ 5.33 ಅಸಲಿ ಸಹಿಯೊಂದಿಗೇ ಮಾಲ್‌ವೇರ್ (ಹಾನಿಕಾರಕ ತಂತ್ರಾಂಶ) ಹೊತ್ತು ಬಂದಿತ್ತು.

ಧ್ವನಿತರಂಗ
ಸಹಿಯೇ ಇಲ್ಲ. ಸ್ಯಾಂಡ್‌ಬಾಕ್ಸ್‌ನಲ್ಲಿ (ಪ್ರೋಗ್ರಾಂ ಪರೀಕ್ಷಿಸುವ ಪ್ರತ್ಯೇಕ ಜಾಗ) ನೋಡಲೇ?

ಉತ್ತರ | ಹೆಕ್ಸ್‌ನೋಟ
ಹೋಮ್ ಆವೃತ್ತಿಯಲ್ಲಿ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇಲ್ಲ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷಿನ್) ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ; ನೆಟ್‌ವರ್ಕ್, ಶೇರ್ಡ್ ಫೋಲ್ಡರ್, ಕ್ಲಿಪ್‌ಬೋರ್ಡ್ ಮೂರನ್ನೂ ಆಫ್ ಮಾಡಿ, ಸ್ನ್ಯಾಪ್‌ಶಾಟ್ (ಹಿಂದಿರುಗಲು ಆಗಿನ ಸ್ಥಿತಿಯ ಪ್ರತಿ) ತೆಗೆದು ರನ್ ಮಾಡಿ. ಅಲ್ಲಿ ತೆಪ್ಪಗಿದ್ದರೆ ಸಾಚಾ ಎಂದಲ್ಲ, ವರ್ಚುವಲ್ ಮಷಿನ್ ಗುರುತಿಸಿ ಸುಮ್ಮನಾಗುವ ಮಾಲ್‌ವೇರ್ ಇವೆ. ಫೈಲ್ ಪರಿವರ್ತಿಸುವುದಷ್ಟೇ ಕೆಲಸವಾದರೆ ಆ ಮಷಿನ್ನಿನೊಳಗೇ ಮುಗಿಸಿಕೊಳ್ಳಿ. ನನ್ನ ಕೇಳಿದರೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಕನ್ವರ್ಟರ್ ಇರುವಾಗ ಈ ಹಳೇ ಕನ್ವರ್ಟರ್ ಯಾಕೋ!

ಉತ್ತರ | ಕುಕೀಕಾವಲು
ಈಗಾಗಲೇ ರನ್ ಮಾಡಿದವರು ಬರೀ ಸ್ಕ್ಯಾನ್ ಮಾಡಿ ಸುಮ್ಮನಾಗಬೇಡಿ. ಇಂಥ ಜಿಪ್‌ಗಳಲ್ಲಿ ಬರುವ ಸ್ಟೀಲರ್‌ಗಳು (ಮಾಹಿತಿ ಕದಿಯುವ ಮಾಲ್‌ವೇರ್) ಬ್ರೌಸರ್ ಕುಕೀಗಳನ್ನೇ (ನೀವು ಲಾಗಿನ್ ಆಗಿರುವುದರ ಗುರುತು) ಕದಿಯುತ್ತವೆ. ಲಾಗಿನ್ ಆಗಿರುವ ಸೆಷನ್ನೇ ಕೈಗೆ ಸಿಕ್ಕ ಮೇಲೆ ಒಟಿಪಿ ಅಡ್ಡಬರುವುದಿಲ್ಲ. ಮೊದಲು ನೆಟ್ ಕಡಿಯಿರಿ. ಬೇರೆ ಸಾಧನದಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸೆಷನ್‌ಗಳಿಂದ ಸೈನ್ ಔಟ್ ಮಾಡಿ, ನಂತರ ಉಳಿದ ಖಾತೆಗಳು. ವಿಂಡೋಸ್ ಅನ್ನು ಯುಎಸ್‌ಬಿಯಿಂದ ಹೊಸದಾಗಿ ಹಾಕುವವರೆಗೂ ಆ ಕಂಪ್ಯೂಟರಿನಲ್ಲಿ ಎಲ್ಲಿಗೂ ಲಾಗಿನ್ ಆಗಬೇಡಿ.